ಕರಿಮೀನು ಸುಟ್ಟ ಸಂಜೆ

ನಾನು ಚಿಕ್ಕವನಿದ್ದಾಗ, ಒಂದು ವರ್ಷ ಪೂರ್ತಿ, ನಮ್ಮ ಮನೆಗೆ ವಾಸನೆಯೇ ಇರಲಿಲ್ಲ. ನಗಬೇಡಿ. ಪ್ರತಿ ಮನೆಗೂ ಒಂದು ವಾಸನೆ ಇರುತ್ತದೆ. ಕಣ್ಣು ಕಟ್ಟಿ ತಂದು ನಿಲ್ಲಿಸಿದರೂ ಇದು ನನ್ನ ಮನೆ ಎಂದು ಹೇಳಿಬಿಡಬಹುದು. ನಮ್ಮ ಮನೆಯ ವಾಸನೆ ಹೇಗೆ ಹೋಯಿತು, ಹೇಗೆ ತಿರುಗಿ ಬಂತು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ. ನಡುವೆ ಯಾರೂ ಎದ್ದು ಹೋಗಬಾರದು.

ಮೊದಲು ಮನೆಯ ವಿಷಯ. ಕುಶಾಲನಗರದಿಂದ ಸ್ವಲ್ಪ ದೂರದಲ್ಲಿ, ಕಾವೇರಿಯ ಈಚೆ ದಡದಲ್ಲಿ ನಾವಿದ್ದೆವು. ಆಗ ಕೊಡಗು ಬೇರೆಯೇ ರಾಜ್ಯ. ಹೊಳೆಯ ಈಚೆ ಕೊಡಗು, ಆಚೆ ಮೈಸೂರು. ಅಜ್ಜಿ, ಅಪ್ಪ, ಅವ್ವ ಹಾಸನದ ಕಡೆಯಿಂದ ಗಾಡಿ ಕಟ್ಟಿಕೊಂಡು ಹೊಳೆ ದಾಟಿ ಬಂದು ಇಲ್ಲಿ ಬೇಸಾಯ ಹಿಡಿದವರು. ಅಕ್ಕನೂ ನಾನೂ ಇಲ್ಲೇ ಹುಟ್ಟಿದವರು. ಹಂಚಿನ ಮನೆ, ಪಕ್ಕದಲ್ಲಿ ಕೊಟ್ಟಿಗೆ, ಅದರಾಚೆ ಹೊಲ. ಮನೆಯ ಸುತ್ತ ಬಿದಿರಿನ ಬೇಲಿ, ಬೇಲಿಗೆ ಹಿತ್ತಿಲ ಕಡೆ ಒಂದು ತಡಿಕೆ ಬಾಗಿಲು. ದನ ನುಗ್ಗಿದರೆ ಗೊತ್ತಾಗಲೆಂದು ಅವ್ವ ಆ ತಡಿಕೆಗೆ ಒಂದು ತಗಡಿನ ಡಬ್ಬಿ ಕಟ್ಟಿ, ಅದರೊಳಗೆ ಹೊಳೆಯ ಸಣ್ಣ ಕಲ್ಲುಗಳನ್ನು ಹಾಕಿದ್ದಳು. ಯಾರು ತಡಿಕೆ ಮುಟ್ಟಿದರೂ ಗಲಗಲ ಎನ್ನುತ್ತಿತ್ತು. ಆ ಡಬ್ಬಿಯನ್ನು ನೆನಪಿಟ್ಟುಕೊಳ್ಳಿ.

ಅವ್ವ ಇದ್ದಾಗ ವಾಸನೆಗೇನೂ ಕೊರತೆಯಿರಲಿಲ್ಲ. ಬೆಳಿಗ್ಗೆ ಬೆಲ್ಲದ ಕಾಫಿ ಕುದಿಯುತ್ತಿತ್ತು. ಮಧ್ಯಾಹ್ನ ಬೆಳ್ಳುಳ್ಳಿ ಒಗ್ಗರಣೆ. ಸಂಜೆ ಅವಳ ಹತ್ತಿರ ಕೂತರೆ ಎಲೆಅಡಿಕೆಯ ಘಮ. ಎಲ್ಲಕ್ಕಿಂತ ಹೆಚ್ಚಾಗಿ ಕರಿಮೀನು. ಒಣಗಿಸಿದ ಮೀನಿಗೆ ನಮ್ಮವರು ಹಾಗೆನ್ನುತ್ತಾರೆ. ಮಲಬಾರಿನಿಂದ ಘಟ್ಟ ಹತ್ತಿ ಅದು ನಮ್ಮ ಸಂತೆಗೆ ಬರುತ್ತಿತ್ತು. ಅವ್ವ ಒಲೆಯ ಕೆಂಡವನ್ನು ಮುಂದಕ್ಕೆಳೆದು ಮೀನಿಟ್ಟರೆ ಸಾಕು, ಚಟಪಟ ಸದ್ದಿನ ಜೊತೆಗೆ ಸುಟ್ಟ ಉಪ್ಪಿನ ವಾಸನೆ ಹೊಲದ ಕೊನೆಯ ಬದುವಿನವರೆಗೂ ಹೋಗುತ್ತಿತ್ತು. ಅಪ್ಪ ನೇಗಿಲು ನಿಲ್ಲಿಸಿ, ಮೂಗೆತ್ತಿ, "ನಿಮ್ಮವ್ವ ಕರೀತಾವ್ಳೆ, ನಡೀಲಾ" ಎನ್ನುತ್ತಿದ್ದರು. ಅವ್ವ ಬಾಯಿಬಿಟ್ಟು ಕರೆದದ್ದನ್ನು ನಾನು ಕೇಳಿಲ್ಲ.

ಒಂದು ಮಳೆಗಾಲದಲ್ಲಿ ಅವ್ವನಿಗೆ ಚಳಿಜ್ವರ ಬಂತು. ಅಪ್ಪ ಅವಳನ್ನು ಮಡಿಕೇರಿಯ ಆಸ್ಪತ್ರೆಗೆ ಸೇರಿಸಿದರು. ಹೊಳೆಯ ದಡದ ದೇವರಿಗೆ ಹರಕೆಯನ್ನೂ ಹೊತ್ತರು. ಇವಳು ಉಳಿದರೆ ಮೀನು, ಮಾಂಸ, ಕಾಫಿ, ಎಲೆಅಡಿಕೆ ಎಲ್ಲ ಬಿಡುತ್ತೇನೆ ಎಂದು. ಅವ್ವ ಉಳಿಯಲಿಲ್ಲ. ಅಪ್ಪ ಬಿಟ್ಟದ್ದನ್ನು ಮತ್ತೆ ಹಿಡಿಯಲೂ ಇಲ್ಲ.

ಅವರು ಬೆಳಕು ಹರಿಯುವ ಮೊದಲೇ ಹೊಳೆಯಲ್ಲಿ ಮುಳುಗಿ ಬಂದು, ವಿಭೂತಿ ಇಟ್ಟು, ಜಪಮಣಿ ಹಿಡಿದು ಕೂರುತ್ತಿದ್ದರು. ಸಂಜೆ ಮತ್ತೆ ಸ್ನಾನ, ಮತ್ತೆ ಜಪ. ಅಡುಗೆಗೆ ಬೆಳ್ಳುಳ್ಳಿ ಇಲ್ಲ, ಒಗ್ಗರಣೆ ಇಲ್ಲ. ಅವ್ವನ ಎಲೆಅಡಿಕೆ ಪೆಟ್ಟಿಗೆ ಅಟ್ಟ ಸೇರಿತು. ಜೋರಾಗಿ ನಕ್ಕರೆ ಅಪ್ಪ ತಿರುಗಿ ನೋಡುತ್ತಿದ್ದರು. "ನಾವಿಲ್ಲಿ ಆಸೆಪಟ್ರೆ ಅವಳಿಗಲ್ಲಿ ಬಿಡಿಸ್ಕೊಳ್ಳಕ್ಕಾಗಲ್ಲ. ಹೋದೋಳು ಹಗುರಾಗಿ ಹೋಗ್ಲಿ" ಎನ್ನುವುದು ಅವರ ಮಾತು.

ನನಗೆ ಆ ಶಿಸ್ತು ಹಿಡಿಸಿತು. ಇವತ್ತಿಗೂ ಹಿಡಿಸುತ್ತದೆ. ಅವ್ವ ಇಲ್ಲದ ಮನೆಯಲ್ಲಿ ಮುಂದೇನು ಮಾಡಬೇಕು ಎಂದು ಗೊತ್ತಾಗದೆ ನಿಂತಾಗ ಅದು ಕೈಹಿಡಿದು ನಡೆಸುತ್ತಿತ್ತು. ಅಕ್ಕನಿಗೆ ಮಾತ್ರ ತಡೆಯಲಾಗುತ್ತಿರಲಿಲ್ಲ. ಅವಳೇ ಮಾಡಿದ ಸಾರನ್ನು ಅವಳೇ ಬಡಿಸುತ್ತ, "ಇದನ್ನ ಕಲಗಚ್ಚಿಗೆ ಹಾಕಿದ್ರೆ ದನಾನೂ ಮುಖ ತಿರುಗಿಸ್ತದೆ" ಎಂದು ಗೊಣಗುತ್ತಿದ್ದಳು.

ಆಮೇಲೆ ಡಬ್ಬಿ ಶುರುವಾಯಿತು.

ಮುಸ್ಸಂಜೆ ಹೊತ್ತು, ಅಪ್ಪ ಜಪಕ್ಕೆ ಕೂತಾಗ, ಹಿತ್ತಿಲ ತಡಿಕೆ ಗಲಗಲ ಎನ್ನುತ್ತಿತ್ತು. ಎದ್ದು ಹೋಗಿ ನೋಡಿದರೆ ಯಾರೂ ಇಲ್ಲ. ದನಗಳೆಲ್ಲ ಗೂಟದಲ್ಲೇ ಇರುತ್ತಿದ್ದವು. ಗಾಳಿಯೋ ಎಂದರೆ ಬೇಲಿಯ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ನಾನು ಒಳಕ್ಕೆ ಓಡಿ ಬಂದರೆ ಮತ್ತೆ ಗಲಗಲ. ಒಂದು ದಿನ ಅಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡು ಸಣ್ಣ ದನಿಯಲ್ಲಿ, "ಹೆದರಬ್ಯಾಡ ಕಣ್ಲಾ. ನಿಮ್ಮವ್ವ. ಬಾಗ್ಲು ಸಿಗ್ತಿಲ್ಲ ಅವಳಿಗೆ" ಎಂದಳು.

"ಅವಳ ಮನೆ ಅವಳಿಗೆ ಗೊತ್ತಿಲ್ವಾ?"

"ಹೋದೋರಿಗೆ ಕಣ್ಣಿರಲ್ಲ ಮಗ. ಮೂಗೊಂದೇ. ನಮ್ಮ ಹಿರೀಕರೆಲ್ಲ ಹೊಳೆಯಾಚೆ ಮಣ್ಣಾದೋರು, ಗುಂಪಾಗಿ ಬತ್ತಾರೆ, ದಾರಿ ತಪ್ಪಲ್ಲ. ಈ ಮಣ್ಣಲ್ಲಿ ಮೊದಲು ಮಲಗಿದೋಳು ನನ್ ಸೊಸೆ. ಅವಳಿಗೆ ಜೊತೆ ಯಾರವ್ರೆ? ನಿಮ್ಮಪ್ಪ ನೋಡಿದ್ರೆ ಮನೇನ ತೊಳೆದು ತೊಳೆದು ಕಲ್ಲು ಮಾಡಿಟ್ಟವ್ನೆ."

ಹೆದರಬೇಡ ಎಂದರೆ ಹೆದರಿಕೆ ಹೋಗುತ್ತದೆಯೇ? ಅವ್ವ ಬರಲಿ ಎಂದು ನನಗೆ ಆಸೆ, ಬಂದರೆ ಏನು ಮಾಡುವುದೆಂದು ಭಯ. ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು, ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು ಮಲಗುತ್ತಿದ್ದೆ.

ಮಾರನೆಯ ವರ್ಷ ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅದಕ್ಕೆ ಹಿರಿಯರ ಹಬ್ಬ ಎನ್ನುತ್ತಾರೆ. ತೀರಿಕೊಂಡವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಾಳೆಎಲೆಯಲ್ಲಿ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಧೂಪ ಹಾಕುವುದು. ಇದು ಎಡೆ. ಎಡೆ ಇಟ್ಟ ಮೇಲೆ ಬಾಗಿಲು ಮುಂದಕ್ಕೆಳೆದು ಮನೆಯವರೆಲ್ಲ ಅಂಗಳದಲ್ಲಿ ನಿಲ್ಲಬೇಕು. ಅವರು ಬಂದು ಉಣ್ಣುತ್ತಾರೆ. ಒಳಗೆ ಎಲೆ ಸರಿದ ಸದ್ದೋ ಮತ್ತೊಂದೋ ಕೇಳಿದರೆ ಬಂದರೆಂದು ಅರ್ಥ. ಅವ್ವನಿಗೆ ಅದು ಮೊದಲ ಎಡೆ.

"ಕರ್ಮೀನಿಲ್ದೆ ಅವಳಿಗೆ ಎಡೇನಾ? ಕಾಫಿ ಇಡು, ಎಲೆಅಡಿಕೆ ಇಡು" ಎಂದು ಅಜ್ಜಿ ಬೆಳಿಗ್ಗೆಯಿಂದ ಹಿಂದೆ ಬಿದ್ದಿದ್ದಳು.

"ಹಾಲು, ಬಾಳೆಹಣ್ಣು, ಸಿಹಿ ಅವಲಕ್ಕಿ. ಅಷ್ಟೇ" ಎಂದರು ಅಪ್ಪ. "ಮೀನು ತೋರಿಸಿ ಕರೆದು ಮತ್ತೆ ಇಲ್ಲೇ ಕಟ್ಟಿ ಹಾಕ್ಲಾ ಅವಳ್ನ?"

"ಒಂದಿನ ಉಂಡು ಹೋಗೋದು ಕಟ್ಟಿ ಹಾಕೋದಾ? ಉಣ್ಣದೆ ಹೋದ್ರೆ ಬೇಲಿ ಸುತ್ತಾನೇ ಇರ್ತಾಳೆ, ನೋಡ್ತಿರು."

ಅಪ್ಪ ಪಂಚೆಯನ್ನು ಹೆಗಲಿಗೆ ಹಾಕಿಕೊಂಡರು. ಹೊಳೆಗೆ ಹೋದರು. ಅವರ ಬೆನ್ನು ಮರೆಯಾದ ತಕ್ಷಣ ಅಕ್ಕ ನನ್ನ ಕೈಹಿಡಿದು ಹುಲ್ಲಿನ ಬಣವೆಯ ಹತ್ತಿರ ಎಳೆದುಕೊಂಡು ಹೋದಳು. ಒಳಗೆ ಕೈಹಾಕಿ ಒಂದು ಮುತ್ತುಗದೆಲೆಯ ಪೊಟ್ಟಣ ತೆಗೆದಳು. ಕರಿಮೀನು! ನೆರೆಮನೆಯವರ ಕೈಲಿ ಸಂತೆಯಿಂದ ತರಿಸಿಟ್ಟಿದ್ದಳು. "ಎಡೆ ಇಡುವಾಗ ಹಾಲಿನ ಚೊಂಬಿನ ಹಿಂದೆ ತಳ್ಳಿಬಿಡಾನ ಅಂತಿದ್ದೀನಿ" ಎಂದಳು. ಆದರೆ ಸಂಜೆ ಅಪ್ಪ ಎಡೆಯ ಮುಂದಿನಿಂದ ಕದಲಲೇ ಇಲ್ಲ. ಪ್ರತಿಯೊಂದನ್ನೂ ಅವರೇ ಇಟ್ಟರು. ಅವ್ವನ ಹಸಿರು ಸೀರೆಯನ್ನು ಮಡಿಕೆ ಸರಿಮಾಡಿ ಮಣೆಯ ಮೇಲಿಟ್ಟರು. ಪೊಟ್ಟಣ ಬಣವೆಯಲ್ಲೇ ಉಳಿಯಿತು.

ಬಾಗಿಲು ಮುಂದಕ್ಕಾಯಿತು. ನಾವು ನಾಲ್ವರೂ ಅಂಗಳದಲ್ಲಿ ನಿಂತೆವು. ಹೊತ್ತು ಮುಳುಗಿ ಇನ್ನೂ ಕತ್ತಲಾಗಿರಲಿಲ್ಲ, ಹೊಳೆಯ ಮೇಲಿನ ಮಂಜು ಹೊಲದೊಳಕ್ಕೆ ಹರಿದು ಬರುತ್ತಿತ್ತು. ಒಳಗಿಂದ ಒಂದು ಸದ್ದೂ ಇಲ್ಲ. ಅಪ್ಪನ ಬೆರಳುಗಳಲ್ಲಿ ಜಪಮಣಿ ಸರಿಯುವುದಷ್ಟೇ ಕೇಳುತ್ತಿತ್ತು.

ಆಗ ಹಿತ್ತಿಲಲ್ಲಿ ಡಬ್ಬಿ ಅಲುಗಿತು. ಗಲಗಲ.

ಸ್ವಲ್ಪ ಹೊತ್ತಿಗೆ ಕೊಟ್ಟಿಗೆ ಪಕ್ಕದ ಬೇಲಿ ಕಿರ್ರೆಂದಿತು, ಯಾರೋ ಕೈಯಾಡಿಸಿಕೊಂಡು ನಡೆದಂತೆ. ಮಲಗಿದ್ದ ಹಸು ಎದ್ದು ನಿಂತು ಕಿವಿ ನಿಮಿರಿಸಿತು. ಸದ್ದು ಮುಂದಿನ ಬೇಲಿಗೆ ಬಂತು. ನಮ್ಮೆದುರಿಗೇ ಬಂತು. ನಿಲ್ಲಲಿಲ್ಲ, ದಾಟಿ ಹೋಯಿತು. ನಾವು ಅಲ್ಲಿ ನಿಂತಿದ್ದೇವೆಂದೇ ಗೊತ್ತಿಲ್ಲದವರ ಹಾಗೆ ದಾಟಿ ಹೋಯಿತು. ಮತ್ತೆ ಹಿತ್ತಿಲಲ್ಲಿ ಗಲಗಲ.

ಅಪ್ಪನ ಮಣಿ ನಿಂತಿತ್ತು. ನಾನು ಅವರ ಒದ್ದೆ ಪಂಚೆಯನ್ನು ಹಿಡಿದುಕೊಂಡು ಕೇಳಿದೆ: "ಅಪ್ಪ, ನೀನು ಹೊಲದಲ್ಲಿದ್ದಾಗ ವಾಸನೆ ಹಿಡಿದು ಬತ್ತಿದ್ದೆ. ಅವ್ವ ಯಾವುದನ್ನ ಹಿಡಿದು ಬರಬೇಕು?"

ಡಬ್ಬಿ ಈ ಸಲ ಜೋರಾಗಿ ಸದ್ದು ಮಾಡಿತು, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಂತೆ. ಅಪ್ಪ ಜಪಮಣಿಯನ್ನು ನನ್ನ ಅಂಗೈಗೆ ಹಾಕಿ, "ಹಿಡ್ಕೋ. ಕೆಳಗಿಡಬ್ಯಾಡ" ಎಂದರು. ಅಕ್ಕನ ಕಡೆ ತಿರುಗಿ, "ತಗಂಬಾ" ಎಂದರು.

"ಏನನ್ನ ಅಪ್ಪ?"

"ಕರ್ಮೀನು ಕಣವ್ವ. ಸಂತೆ ದಿನದಿಂದ ಬಣವೆ ನಾರ್ತಾ ಐತೆ. ನನಗೇನು ಮೂಗಿಲ್ಲ ಅಂದ್ಕಂಡಿದ್ದೀಯಾ?"

ಅಕ್ಕ ಓಡಿದಳು. ಅಪ್ಪ ಬಚ್ಚಲೊಲೆಯಿಂದ ಒಂದು ಒಡೆದ ಹಂಚಿನಲ್ಲಿ ಕೆಂಡ ತೋಡಿಕೊಂಡು ಬಂದು ಹೊಸ್ತಿಲ ಮುಂದೆ ಇಟ್ಟರು. ಮಡಿಯಲ್ಲಿದ್ದ ಕೈಯಿಂದಲೇ ಮೀನು ತೆಗೆದು ಕೆಂಡದ ಮೇಲೆ ಹಾಕಿದರು. ಚಟಪಟ ಎಂದಿತು. ಆ ವಾಸನೆ! ಮೂಗಿನಿಂದ ನೇರ ಎದೆಗೆ ಇಳಿಯಿತು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಕುಕ್ಕರಗಾಲಲ್ಲಿ ಕೂತು ಮೊರದಿಂದ ಹೊಗೆಯನ್ನು ಹಿತ್ತಿಲ ಕಡೆಗೆ ಬೀಸಿದರು. ಹೊಲದಿಂದ ಮನೆಗೆ ಕೇಳಿಸುವಂತೆ ಕೂಗುತ್ತಿದ್ದ ಹಳೆಯ ದನಿಯಲ್ಲಿ, "ಇಲ್ಲೇ ಕಣೆ. ಇದೇ ಮನೆ. ಬಾ" ಎಂದರು.

ಡಬ್ಬಿ ಒಮ್ಮೆ ಮೆಲ್ಲಗೆ ಅಲುಗಿತು, ತಡಿಕೆ ತೆರೆದು ಮತ್ತೆ ಹಾಕಿಕೊಂಡ ಹಾಗೆ. ಆಮೇಲೆ ಇಲ್ಲ.

ಅಪ್ಪ ಮುಖ ಆಚೆ ತಿರುಗಿಸಿ, ಬಾಗಿಲನ್ನು ಸ್ವಲ್ಪವೇ ಸರಿಸಿ, ಹಂಚನ್ನು ಒಳಕ್ಕೆ ತಳ್ಳಿ ಮತ್ತೆ ಮುಚ್ಚಿದರು. ಒಳಗೆ ಬಾಳೆಎಲೆ ಸರಿಯಿತು. ಊಟಕ್ಕೆ ಕೂತವರು ಎಲೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರಲ್ಲ, ಅದೇ ಸದ್ದು. ನನ್ನ ಮೈಯ ರೋಮವೆಲ್ಲ ಎದ್ದು ನಿಂತಿತು. ಆದರೆ ಓಡಬೇಕೆನಿಸಲಿಲ್ಲ.

ಬಾಗಿಲು ತೆರೆದಾಗ ಒಳಗೆ ಹೊಗೆ ತುಂಬಿತ್ತು, ದೀಪ ಉರಿಯುತ್ತಿತ್ತು. ಎಡೆಯಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಅಪ್ಪ ನೆಟ್ಟಗೆ ಹಾಕಿದ್ದ ಎಲೆ ಮಾತ್ರ ಮಣೆಯ ಕಡೆಗೆ ಒಂದಿಷ್ಟು ಸರಿದು ಓರೆಯಾಗಿತ್ತು. ಬಾಗಿಲ ಗಾಳಿಗೆ ಸರಿದಿರಬಹುದು. ನೀವು ಹಾಗೇ ಹೇಳುತ್ತೀರಿ, ಗೊತ್ತು. ಅಪ್ಪ ಅದನ್ನು ನೆಟ್ಟಗೆ ಮಾಡಲು ಹೋಗಲಿಲ್ಲ.

ಎಡೆಯನ್ನು ಮನೆಯವರು ಹಂಚಿಕೊಂಡು ತಿನ್ನಬೇಕು. ಅಪ್ಪ ಮೀನು ಮುರಿದು ನಮಗೆಲ್ಲ ಕೊಟ್ಟು ತಾವು ಮುಟ್ಟದೆ ಕೂತರು. "ನೀನೂ ತಗಾ" ಎಂದಳು ಅಜ್ಜಿ. "ಅವಳು ಉಳಿದ್ರೆ ಬಿಡ್ತೀನಿ ಅಂದಿದ್ದೆ ನೀನು. ಉಳಿಸಲಿಲ್ವಲ್ಲ ದೇವ್ರು. ಅವನೇ ಬಿಟ್ಟ ಹರಕೇನ ನೀನ್ಯಾಕ್ಲಾ ಹೊತ್ಕಂಡು ತಿರುಗ್ತೀಯಾ?" ಅಪ್ಪ ಒಂದು ಚೂರು ಬಾಯಿಗಿಟ್ಟುಕೊಂಡರು. ಬಹಳ ಹೊತ್ತು ಅಗಿದರು. "ಉಪ್ಪು ಜಾಸ್ತಿ" ಎಂದರು. ಅವ್ವ ಮೀನು ಸುಟ್ಟಾಗಲೆಲ್ಲ ಅವರು ಹೇಳುತ್ತಿದ್ದ ಮಾತು ಅದು. ಅಕ್ಕ ಕಿಸಕ್ಕೆಂದು ನಕ್ಕುಬಿಟ್ಟಳು. ಅಪ್ಪ ತಿರುಗಿ ನೋಡಲಿಲ್ಲ. ಆಮೇಲೆ ಹೊಳೆಗೆ ಹೋಗಿ ಮುಳುಗಿ ಬಂದು ಜಪಕ್ಕೆ ಕೂತರು. ನನ್ನ ಕೈಯಿಂದ ಮಣಿಗೆ ಮೀನಿನ ವಾಸನೆ ಹತ್ತಿತ್ತು. ಅವರು ತೊಳೆಯಲಿಲ್ಲ.

ಮರುದಿನ ಎಂದಿನಂತೆ ಬೆಳಕು ಹರಿಯುವ ಮೊದಲೇ ಜಪ. ಅದು ಮುಗಿದ ಮೇಲೆ ಒಲೆಯ ಮೇಲೆ ಬೆಲ್ಲದ ಕಾಫಿ. ಎರಡಕ್ಕೂ ಮನೆಯಲ್ಲಿ ಜಾಗವಿತ್ತು. ಡಬ್ಬಿ ಮಾತ್ರ ವರ್ಷಕ್ಕೊಂದು ಸಂಜೆ, ಎಡೆಯ ದಿನ ತಾನಾಗಿ ಅಲುಗುತ್ತಿತ್ತು. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ.

ಈಗ ನಿಮ್ಮ ವಿಷಯ. ನೀವಿರುವುದು ಮೂರನೆಯ ಮಹಡಿಯಲ್ಲಿ. ಬೇಲಿಯಿಲ್ಲ, ತಡಿಕೆಯಿಲ್ಲ, ಡಬ್ಬಿಯಿಲ್ಲ. ಮೆಟ್ಟಿಲು ಹತ್ತಿ ಬಂದರೆ ಉದ್ದಕ್ಕೂ ಒಂದೇ ಬಣ್ಣದ ಬಾಗಿಲುಗಳು. ಕನ್ನಡಕ ಹಾಕಿಕೊಂಡೇ ನಾನು ಎರಡು ಸಲ ಪಕ್ಕದವರ ಗಂಟೆ ಒತ್ತಿದ್ದೇನೆ. ನಿಮ್ಮ ಒಲೆಯ ಮೇಲೊಂದು ಫ್ಯಾನಿದೆ, ಒಗ್ಗರಣೆ ಸಿಡಿಯುವ ಮೊದಲೇ ವಾಸನೆಯನ್ನು ಹೀರಿ ಹೊರಗೆ ಹಾಕುತ್ತದೆ. ಉಳಿದದ್ದಕ್ಕೆ ಹೂವಿನ ವಾಸನೆಯ ಸ್ಪ್ರೇ. ನಾನು ಬೆಳಗಿನ ಜಪ ಮುಗಿಸಿ ಕೆಂಡದ ಬದಲು ಗ್ಯಾಸಿನ ಮೇಲೆ ಒಂದು ಕರಿಮೀನು ಸುಟ್ಟರೆ, "ತಾತ, ನಾತ!" ಎಂದು ಮೆಟ್ಟಿಲ ಕಡೆಯ ಕಿಟಕಿ ತೆರೆಯಲು ಓಡುತ್ತೀರಿ. ಓಡಿ, ಬೇಡ ಎನ್ನುವುದಿಲ್ಲ. ಆ ಕಿಟಕಿ ಯಾವುದೆಂದು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಮುಂದೆ ಒಂದು ಮಹಾಲಯ ಅಮಾವಾಸ್ಯೆಯ ಸಂಜೆ ನಾನಿಲ್ಲಿ ಇರುವುದಿಲ್ಲ. ಆವತ್ತು ಒಂದು ಕರಿಮೀನು ಸುಡಿ, ಒಲೆಯ ಮೇಲಿನ ಆ ಫ್ಯಾನು ಹಾಕಬೇಡಿ. ಕಿಟಕಿ ತೆರೆದಿಡಿ. ನಾನು ಆ ಮೆಟ್ಟಿಲ ಹತ್ತಿರವೇ ಎಲ್ಲೋ ಇರುತ್ತೇನೆ, ಕೈಯಾಡಿಸಿದರೆ ಎಲ್ಲ ಬಾಗಿಲೂ ಒಂದೇ ಥರ ಇರುತ್ತವೆ.