ಇಬ್ಬರು ಮಕ್ಕಳ ಶಾಲೆಯಲ್ಲಿ

ಕೊತ್ತಗೆರೆ ದಾಟಿದ ಮೇಲೆ ಬೈಕ್ ಪಂಕ್ಚರ್ ಆಯಿತು. ಅಂಗಡಿಯವನು ಟೈರ್ ಬಿಚ್ಚುವಷ್ಟರಲ್ಲಿ ನಾನು ನೀರು ಕೇಳಿಕೊಂಡು ಎದುರಿನ ಸರ್ಕಾರಿ ಶಾಲೆಗೆ ಹೋದೆ. ಇಡೀ ಶಾಲೆಗೆ ಒಬ್ಬರೇ ಟೀಚರ್, ಶಾಂತಮ್ಮ. ಮಕ್ಕಳೂ ಇಬ್ಬರೇ, ಅಕ್ಕ ತಂಗಿ. ಅವರನ್ನು ಪೇಟೆಯ ಶಾಲೆಗೆ ಸೇರಿಸಲು ಟಿಸಿ ಕೇಳಿಕೊಂಡು ಅವರಪ್ಪ ಬಂದಿದ್ದ. ಈ ಇಬ್ಬರು ಹೋದರೆ ಶಾಲೆಗೆ ಬೀಗ ಬೀಳುತ್ತದೆ.

“ಇನ್ನೊಂದ್ ವರ್ಷ ಬಿಡಪ್ಪ ರಂಗಸ್ವಾಮಿ. ನೀನೂ ಇಲ್ಲೇ ಓದಿದವನು,” ಎಂದರು ಟೀಚರ್.

“ನೀವು ಚೆನ್ನಾಗೇ ಹೇಳ್ಕೊಡ್ತೀರ ಮೇಡಂ. ಆದ್ರೆ ಮೀಟಿಂಗು, ಸರ್ವೆ ಅಂತ ನಿಮ್ಮನ್ನ ಕುಣಿಗಲ್‌ಗೆ ಕರೀತಾನೇ ಇರ್ತಾರೆ. ಆವತ್ತೆಲ್ಲ ಮಕ್ಳು ಸುಮ್ನೆ ಕೂತಿರ್ತವೆ. ನಾನೇನ್ ಮಾಡ್ಲಿ, ನೀವೇ ಹೇಳಿ.”

ಟೀಚರ್ ಸೀಮೆಸುಣ್ಣ ಕೈಗೆತ್ತಿಕೊಂಡು, “ಬರ್ಕೊಡ್ತೀನಿ. ಇವತ್ತಿನ ಪಾಠ ಮುಗೀಲಿ,” ಎಂದರು.

ರಂಗಸ್ವಾಮಿ ಚಪ್ಪಲಿ ಕಳಚಿ ಗೋಡೆಗೆ ಒರಗಿ ಕೂತ. ನಾನು ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತೆ. ಟೀಚರ್ ಭಾಗಾಕಾರ ಹೇಳಿಕೊಟ್ಟರು. ಚೂರೂ ಅವಸರ ಮಾಡಲಿಲ್ಲ. ತಂಗಿ ಲೆಕ್ಕ ತಪ್ಪಿದಾಗ ಪಕ್ಕದಲ್ಲಿ ಕೂತು ಮತ್ತೆ ಮೊದಲಿನಿಂದ ಮಾಡಿಸಿದರು. ಕೊನೆಗೆ, ದಿನದ ರೂಢಿಯಿಂದಲೋ ಏನೋ, ಬೋರ್ಡಿನ ಮೇಲೆ ಹೋಂವರ್ಕ್ ಬರೆಯತೊಡಗಿದರು.

“ನಾಳೆ ಯಾರಿಗೆ ತೋರಿಸ್ಲಿ ಮಿಸ್?” ಎಂದು ತಂಗಿ ಕೇಳಿದಳು.

ಟೀಚರ್ ಬೋರ್ಡಿನ ಕಡೆಯಿಂದ ತಿರುಗಲೇ ಇಲ್ಲ. ರಂಗಸ್ವಾಮಿಯೇ ತಲೆ ತಗ್ಗಿಸಿಕೊಂಡು, “ಬರ್ಕೊ ಕಣವ್ವ,” ಎಂದ.