ರಂಗಮ್ಮಾಳ್ ಒಗೆದ ಯೂನಿಫಾರ್ಮು

ನಮ್ಮತ್ತೆ ರಂಗಮ್ಮಾಳನ್ನ ಯಾರಾದರೂ ಹೊಗಳಿದರೆ ನಾನು ಸುಮ್ಮನೆ ತಲೆ ಆಡಿಸ್ತೀನಿ. ಒಂದೇ ಮನೇಲಿದ್ದು, ಒಂದೇ ಅಂಗಡೀಲಿ ಕೂತು, ಒಂದೇ ಗೋಣಿಯಿಂದ ಹತ್ತಿ ತೆಗೆದು ದಿಂಬು ತುಂಬೋ ಸೊಸೆ ನಾನು, ರಾಜಮ್ಮಾಳ್. ಅವರು ಎಂಥವರು ಅಂತ ಊರಿಗಿಂತ ನನಗೆ ಚೆನ್ನಾಗಿ ಗೊತ್ತು. ಒಳ್ಳೆಯವರೇ, ಇಲ್ಲ ಅನ್ನಲ್ಲ. ಆದರೆ ಅವರ ಜೊತೆ ಬಾಳೋದು ಅಂದರೆ ಹಗಲೆಲ್ಲ ಹೆಡ್‌ಮಾಸ್ಟರ ಮುಂದೆ ಕೈಕಟ್ಟಿ ನಿಂತ ಹಾಗೆ.

ನಮ್ಮದು ತಮಿಳು ಸೀಮೆ, ತೇನಿ ಪಕ್ಕದ ಬೋಡಿ. ಇಲ್ಲಿ ಇಲವಂ ಪಂಜಿನ ಕೆಲಸ ಜಾಸ್ತಿ. ಕರ್ನಾಟಕದ ಕಡೆ ಅದನ್ನ ಬೂರುಗದ ಹತ್ತಿ ಅಂತಾರಂತೆ. ಕಾಯಿ ಒಡೆದು, ಬೀಜ ಬಿಡಿಸಿ, ಬಿಸಿಲು ಕಾಣಿಸಿ, ದಿಂಬಿಗೂ ಹಾಸಿಗೆಗೂ ತುಂಬ್ತೀವಿ. ಅತ್ತೆ ಕಂಬಂ ಕಡೆ ಹುಟ್ಟಿದವರು, ಮದುವೆಯಾಗಿ ಇಲ್ಲಿಗೆ ಬಂದರು. ಮಾವ ಚಿಕ್ಕ ವಯಸ್ಸಲ್ಲೇ ತೀರಿಕೊಂಡರು. ಅಂಗಡಿ ಮುಚ್ಚಿ ತೌರಿಗೆ ಬಾ ಅಂತ ಅಣ್ಣಂದಿರು ಬಂದು ಕೂತರಂತೆ. ಇವರು ಅವರಿಗೆ ಹೊಟ್ಟೆ ತುಂಬ ಊಟ ಹಾಕಿ, ತಲೆಗೊಂದು ದಿಂಬು ಕೊಟ್ಟು, ಬಸ್ ಹತ್ತಿಸಿ, ವಾಪಸ್ ಬಂದು ಬೀಜ ಬಿಡಿಸೋಕೆ ಕೂತರಂತೆ. ಅಣ್ಣಂದಿರು ಮತ್ತೆ ಆ ಮಾತು ಎತ್ತಲಿಲ್ಲ.

ಸ್ಕೂಲ್ ದಿಂಬು ಶುರುವಾಗಿದ್ದು ನನ್ನ ಗಂಡನಿಂದ. ಈಗ ಬೋಡಿಮೆಟ್ಟು ಬೆಟ್ಟಕ್ಕೆ ಜೀಪು ಓಡಿಸ್ತಾರಲ್ಲ, ಆ ವೇಲು, ಐದನೇ ಕ್ಲಾಸು ಮುಗಿಸಿದಾಗ ಅವರ ಹಳೇ ಅಂಗಿಯನ್ನ ಒಲೆ ಒರೆಸೋಕೆ ಹಾಕಬೇಕಾಗಿತ್ತು. ಅತ್ತೆ ಕೈಯಲ್ಲಿ ಹಿಡಕೊಂಡು ನೋಡಿದರಂತೆ. ಸ್ಲೇಟು ಒರೆಸಿದ್ದು, ಮೂಗು ಒರೆಸಿದ್ದು, ಎಲ್ಲ ಆ ತೋಳಿನ ಮೇಲೇ. ಇವನು ಓದಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ ಅಂತ ಅದನ್ನೇ ಕತ್ತರಿಸಿ, ಒಂದು ಪುಟ್ಟ ದಿಂಬು ಮಾಡಿ, ಜೇಬನ್ನ ಹಾಗೇ ಮೇಲೆ ಉಳಿಸಿ, ಹೆಸರು ಹೊಲಿದು ಕೊಟ್ಟರು. ಪಕ್ಕದ ಮನೆಯವರು ನೋಡಿದರು, ಆಮೇಲೆ ಬೀದಿಯವರು. ಈಗ ಪರೀಕ್ಷೆ ಮುಗಿಯೋ ಕಾಲ ಬಂತು ಅಂದರೆ ನಮ್ಮ ಅಂಗಡಿ ಮುಂದೆ ಯೂನಿಫಾರ್ಮಿನ ರಾಶಿ. ಬಾಲವಾಡಿಗೆ ಹೊರಟ ಮಗುವಿಗೆ ಅಳದೆ ಮಲಗಲಿ ಅಂತ ಗಿಳಿ ಆಕಾರದ್ದು, ಐದು ಮುಗಿಸಿದವರಿಗೆ ಜೇಬಿನ ದಿಂಬು, ಪ್ಲಸ್ ಟೂ ಮುಗಿಸಿ ಊರು ಬಿಡೋರಿಗೆ ಹಾಸ್ಟೆಲಿಗೆ ಒಯ್ಯೋ ದೊಡ್ಡದು.

ಅಳತೆ ಟೇಪು ಅವರು ಮುಟ್ಟಲ್ಲ. "ತಲೆ ಕೊಡು" ಅಂತಾರೆ. ಮಗು ತಲೆ ಬಗ್ಗಿಸಿದರೆ ಅಂಗೈಯಲ್ಲಿ ಹಿಡಿದು ನೋಡಿ, ಹತ್ತಿ ಎಷ್ಟು ಅಂತ ಲೆಕ್ಕ ಹಾಕ್ತಾರೆ. ನಾನು ಟೇಪಲ್ಲೇ ಅಳೆಯೋಳು. ನನ್ನ ದಿಂಬುಗಳೂ ಚೆನ್ನಾಗೇ ಇರ್ತವೆ, ಯಾರೂ ಹೇಳಲ್ಲ ಅಷ್ಟೇ.

ಇನ್ನೊಂದು ಪದ್ಧತಿ ಇದೆ. ಇನ್ನೊಬ್ಬರ ಮೈ ಮೇಲಿಂದ ಬಂದ ಬಟ್ಟೆಗೆ ಹಾಗೇ ಸೂಜಿ ಹಾಕಬಾರದು ಅಂತ. ಅತ್ತೆಯ ತೌರಿಂದ ಬಂದ ಕಟ್ಟಳೆ. ತಲೆ ಇಡೋ ವಸ್ತು, ತೊಟ್ಟವರ ನೋವು ಸಂಕಟವೆಲ್ಲ ಅದರೊಳಗೇ ಉಳೀತದೆ ಅಂತಾರೆ. ಹಾಗಾಗಿ ಒಗೆದು ಇಸ್ತ್ರಿ ಮಾಡಿ ಕೊಟ್ಟರೂ ಬಿಡಲ್ಲ. ಬೆಳಗಿನ ಜಾವ ಎದ್ದು, ಬಿಸಿನೀರಿಗೆ ಅಂಟುವಾಳ ಹಾಕಿ, ಬಂದದ್ದನ್ನ ಬಂದ ಹಾಗೇ ಮುಳುಗಿಸಿ, ಉಜ್ಜಿ ತೆಗೆದು ಬಿಸಿಲಿಗೆ ಹಾಕೋದು. ಆ ಹೊತ್ತಿಗೆ ಕನ್ನಡಕ ಕೂಡ ಹಾಕಲ್ಲ. ಒಗೆಯೋಕೆ ಕಣ್ಣು ಯಾಕೆ, ಕೈ ಸಾಕು ಅಂತ.

ಹೋದ ವರ್ಷ ಆ ಕೈಯೇ ಕೆಲಸ ಕೆಡಿಸಿತು.

ನಮ್ಮ ಬೀದಿ ತುದಿಯ ಲಕ್ಷ್ಮಿಯಮ್ಮಾಳ್ ಒಂದು ದಿನ ಬೆಳಕು ಹರಿಯೋ ಮುಂಚೆ ಬಂದು ಮಡಿಸಿದ್ದ ಹಾಗೇ ಒಂದು ಯೂನಿಫಾರ್ಮ್ ಟಾಪು ಕೊಟ್ಟು ಹೋದಳು. ಅವಳ ಮಗಳು ಅಭಿರಾಮಿ ಹಿಂದಿನ ದಿನವಷ್ಟೇ ಪ್ಲಸ್ ಟೂ ಕೊನೇ ಪರೀಕ್ಷೆ ಬರೆದಿದ್ದಳು. "ಅಕ್ಕಾ, ಅವಳು ಸ್ನಾನಕ್ಕೆ ಹೋದಳು, ಅಷ್ಟರಲ್ಲಿ ತಂದೆ. ಕೇಳಿದರೆ ಇನ್ನೂ ನಾಲ್ಕು ದಿನ ಇರಲಿ ಅಂತಾಳೆ, ಆಮೇಲೆ ನಿಮ್ಮ ರಾಶೀಲಿ ಹಿಂದೆ ಬಿದ್ದುಹೋಗ್ತದೆ" ಅಂದಳು. ಅತ್ತೆ ಇಸಕೊಂಡು ಹಂಡೆಗೆ ಹಾಕಿದರು.

ನಾನು ಕಾಫಿ ತಂದಾಗ ನೀರೆಲ್ಲ ನೇರಳೆ ಬಣ್ಣ. ಅತ್ತೆ ಬ್ರಷ್ಷು ತಗೊಂಡು ಉಜ್ಜತಾ ಇದ್ದರು. "ಎಂಥ ಹುಡುಗಿ ಇದು, ಬೆನ್ನು ತುಂಬ ಮಸಿ ಬಳಕೊಂಡಿದೆ. ನೋಡು ರಾಜೂ, ಒಂದು ಚುಕ್ಕೆ ಉಳಿಸಿಲ್ಲ" ಅಂತ ಹಿಂಡಿ ತೋರಿಸಿದರು. ನಿಜವಾಗಲೂ ಒಂದು ಚುಕ್ಕೆ ಇರಲಿಲ್ಲ. ಕೊನೇ ದಿನ ಮಕ್ಕಳು ಒಬ್ಬರ ಬಟ್ಟೆ ಮೇಲೆ ಒಬ್ಬರು ಸ್ಕೆಚ್ ಪೆನ್ನಲ್ಲಿ ಬರೀತಾರೆ ಅಂತ ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತು. ಆದರೆ ಬರೆದ ಬಟ್ಟೆಯನ್ನ ಯಾರೂ ದಿಂಬಿಗೆ ಕೊಟ್ಟಿರಲಿಲ್ಲ, ಹಾಗೇ ಎತ್ತಿಡ್ತಾರೆ.

ಸ್ವಲ್ಪ ಹೊತ್ತಿಗೆ ಅಭಿರಾಮಿ ಓಡಿ ಬಂದಳು, ತಲೆಯಿಂದ ನೀರು ಇಳೀತಾ ಇತ್ತು. ಹಗ್ಗದ ಮೇಲೆ ಬೆಳ್ಳಗೆ ಒಣಗತಿದ್ದ ಟಾಪು ನೋಡಿದಳು. ಹತ್ತಿ ಗೋಣಿ ಮೇಲೆ ಕೂತುಬಿಟ್ಟಳು.

"ಅದಕ್ಕೇನು ಕಂದಾ" ಅಂದರು ಅತ್ತೆ, ಎಂದಿನ ಗತ್ತಲ್ಲೇ. "ಗೆಳತಿಯರ ಹೆಸರು ತಾನೇ? ಎಲ್ಲರನ್ನೂ ಕರಕೊಂಡು ಬಾ, ನೂಲಲ್ಲೇ ಹೊಲಿಸ್ತೀನಿ. ಪೆನ್ನಿಗಿಂತ ಗಟ್ಟಿ."

"ಹೆಸರು ಬೇಡ ಅವ್ವಾ. ಬೆನ್ನ ಮೇಲೆ ಜೆಯಂತಿ ಬರೆದಿದ್ದಳು. ಅದನ್ನ ನಾನಿನ್ನೂ ಓದಿರಲಿಲ್ಲ."

ಜೆಯಂತಿ ಅಂದರೆ ಇದೇ ಬೀದಿಯ ಹುಡುಗಿ. ಚಿಕ್ಕಂದಿನಿಂದ ಇಬ್ಬರದೂ ಒಂದೇ ಥರದ ಜಡೆ, ಒಂದೇ ಊಟದ ಡಬ್ಬಿ. ಹನ್ನೊಂದನೇ ಕ್ಲಾಸಲ್ಲಿ ಜೆಯಂತಿ ಆಗಾಗ ಸ್ಕೂಲು ತಪ್ಪಿಸತಿದ್ದಳು, ಅಮ್ಮನ ಜೊತೆ ಏಲಕ್ಕಿ ತೋಟಕ್ಕೆ ಕೆಲಸಕ್ಕೆ ಹೋಗತಿದ್ದಳು. ಟೀಚರ್ ಏನಾದರೂ ಸಹಾಯ ಮಾಡಲಿ ಅಂತ ಅಭಿರಾಮಿ ಹೋಗಿ ಹೇಳಿದಳು. ಟೀಚರ್ ಮಾಡಿದ ಸಹಾಯ ಅಂದರೆ ತುಂಬಿದ ಕ್ಲಾಸಲ್ಲಿ ಜೆಯಂತಿಯನ್ನ ನಿಲ್ಲಿಸಿ ಬೈದದ್ದು. ಆವತ್ತಿಂದ ಜೆಯಂತಿ ಇವಳ ಕೂಡೆ ಮಾತು ಬಿಟ್ಟಳು. ಕೊನೇ ದಿನ ಪರೀಕ್ಷೆ ಮುಗಿಸಿ ಎಲ್ಲರೂ ಬಟ್ಟೆ ಮೇಲೆ ಬರೆಯೋವಾಗ, ಅವಳೂ ಬಂದು ಇವಳ ಹಿಂದೆ ನಿಂತಳಂತೆ. ಬಹಳ ಹೊತ್ತು ಬರೆದಳಂತೆ. ತಿರುಗಿ ನೋಡೋದರೊಳಗೆ ಹೋಗಿಬಿಟ್ಟಿದ್ದಳು.

"ಮನೆಗೆ ಬಂದ ಮೇಲೆ ನೋಡಬಾರದಿತ್ತಾ?" ಅಂದೆ ನಾನು.

"ಭಯ ಆಯ್ತಕ್ಕಾ. ಬೆಳಗ್ಗೆ ಓದೋಣ ಅಂತ ಮಡಿಸಿ ತಲೆ ಕೆಳಗಿಟ್ಟು ಮಲಗಿದೆ."

ಅಷ್ಟು ಹೊತ್ತಿಗೆ ಜೆಯಂತಿ ಊರಲ್ಲೇ ಇರಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ವೇದಸಂದೂರಿನ ಕಡೆ ಒಂದು ನೂಲಿನ ಮಿಲ್ಲಿಗೆ ಕೆಲಸಕ್ಕೆ ಹೊರಟುಹೋಗಿದ್ದಳು. ಅಲ್ಲೇ ಹಾಸ್ಟೆಲು. ಅವಳ ಹತ್ತಿರ ಫೋನಿಲ್ಲ. ಅವಳು ಬರೆದದ್ದಕ್ಕೆ ಇವಳು ಏನಂತಾಳೋ ಅಂತ ಅಲ್ಲಿ ಅವಳು ಕಾಯತಾ ಇರಬೇಕು, ಏನು ಬರೆದಳು ಅಂತಲೇ ಇಲ್ಲಿ ಇವಳಿಗೆ ಗೊತ್ತಿಲ್ಲ.

ಆವತ್ತು ಮಧ್ಯಾಹ್ನ ಅತ್ತೆಯನ್ನ ಊಟಕ್ಕೆ ಕರೆದರೆ ಬರಲಿಲ್ಲ. ಸಂಜೆ ಎದ್ದು, ಭಾನುವಾರ ವೇದಸಂದೂರಿಗೆ ಹೋಗಬೇಕು ಅಂದರು. ಭಾನುವಾರ ಮನೆಕಡೆಯವರು ಹಾಸ್ಟೆಲಿಗೆ ಹೋಗಿ ನೋಡಬಹುದು ಅಂತ ಅದಾಗಲೇ ಜೆಯಂತಿಯ ಅಮ್ಮನ್ನ ಕೇಳಿಕೊಂಡು ಬಂದಿದ್ದರು. ಅಭಿರಾಮಿ ಬರಲ್ಲ ಅಂದಳು. "ಓದಲಿಲ್ಲ ಅಂದರೆ ಬೇಕಂತಲೇ ಒಗೆಸಿದಳು ಅನ್ನಲ್ವಾ ಅವ್ವಾ? ಕೆಟ್ಟದ್ದೇ ಬರೆದಿದ್ದರೆ?"

"ಒಗೆದದ್ದು ನಾನು. ಹೇಳೋದೂ ನಾನೇ. ಕೆಟ್ಟದ್ದಾದರೆ ನನ್ನ ಕಿವಿಗೆ ಬೀಳಲಿ, ನನಗೆ ವಯಸ್ಸಾಯ್ತು" ಅಂದರು ಅತ್ತೆ.

ಜೊತೆಗೆ ನಾನು. ನನ್ನನ್ನ ಯಾರು ಕೇಳ್ತಾರೆ. ತೇನಿಯಲ್ಲಿ ಬಸ್ ಬದಲಾಯಿಸಿ, ದಿಂಡಿಗಲ್ಲಲ್ಲಿ ಇನ್ನೊಂದು ಹತ್ತಿ, ಕಿಟಕಿ ಸೀಟಿಗೆ ಎರಡು ಕಡೆ ಜಗಳ ಆಡಿಕೊಂಡು ಹೋದೆವು. ಜಗಳ ಆಡಿದ್ದು ಯಾರು ಅಂತ ಹೇಳಬೇಕಾಗಿಲ್ಲ. ವಯರ್ ಬುಟ್ಟೀಲಿ ಆ ಟಾಪು, ಒಂದು ಪೆನ್ಸಿಲ್ಲು, ಸೂಜಿ, ಕೆಂಪು ನೂಲು, ಜೆಯಂತಿಗೆ ಅಂತ ಚಕ್ಕುಲಿ ಥರದ ಮುರುಕು.

ಹಾಸ್ಟೆಲಿನ ಮುಂದಿನ ಕೋಣೇಲಿ ಕೂರಿಸಿದರು. ಜೆಯಂತಿ ಬಂದಳು. ಸೊರಗಿದ್ದಳು. ಅತ್ತೆ ಬುಟ್ಟಿಯಿಂದ ಟಾಪು ತೆಗೆದ ಕೂಡಲೆ ಅವಳ ಮುಖ ಬಿಳಚಿಕೊಂಡಿತು.

"ನೀನು ಬರೆದದ್ದನ್ನ ಅಭಿರಾಮಿ ಓದಲಿಲ್ಲ" ಅಂದರು ಅತ್ತೆ. "ಓದೋ ಮುಂಚೆ ನಾನು ಒಗೆದುಬಿಟ್ಟೆ. ಮಸಿ ಅಂದುಕೊಂಡೆ. ಅವಳದ್ದು ಏನೂ ತಪ್ಪಿಲ್ಲ, ನನ್ನ ತಪ್ಪು."

ನನ್ನ ತಪ್ಪು. ಈ ಎರಡು ಮಾತು ಅವರ ಬಾಯಲ್ಲಿ ಕೇಳೋಕೆ ನಾನು ಸೊಸೆಯಾಗಿ ಬಂದಾಗಿನಿಂದ ಕಾದಿದ್ದೆ. ಕೇಳಿದ ಮೇಲೆ ಖುಷಿ ಆಗಬೇಕಿತ್ತು. ಆಗಲಿಲ್ಲ, ಕಣ್ಣು ಒದ್ದೆಯಾಯ್ತು.

ಜೆಯಂತಿ ಟಾಪನ್ನ ಕಿತ್ತುಕೊಂಡು ಅದರ ಬೆನ್ನು ಭಾಗ ತಿರುಗಿಸಿ ನೋಡಿದಳು. "ಓದಲೇ ಇಲ್ವಾ? ನಿಜವಾಗಲೂ?" ಅಂತ ಕೇಳಿದಳು. ಇಲ್ಲ ಅಂದೆವು. ಕುರ್ಚಿ ಮೇಲೆ ಕೂತು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅಳೋಕೆ ಶುರು ಮಾಡಿದಳು. ಅತ್ತೆ ಹೋಗಿ ಪಕ್ಕದಲ್ಲಿ ಕೂತರು.

"ನಿನ್ನಿಂದ ನನ್ನ ಮಾನ ಹೋಯ್ತು, ನೀನು ಪಾಸಾಗಬಾರದು ಅಂತ ಬರೆದಿದ್ದೆ ಅವ್ವಾ" ಅಂದಳು. "ಅವಳು ಕಾಲೇಜಿಗೆ ಹೋಗ್ತಾಳೆ, ನಾನು ಇಲ್ಲಿಗೆ. ಹೊಟ್ಟೆ ಉರೀತು, ಬರೆದುಬಿಟ್ಟೆ. ಬಸ್ ಹತ್ತಿದ ಮೇಲೆ ಮನಸ್ಸಿಗೆ ಬಂತು, ಎಂಥ ಮಾತು ಬರೆದೆ ಅಂತ. ಅವಳು ಫೇಲಾದರೆ ನನ್ನ ಶಾಪದಿಂದಲೇ ಆಯ್ತು ಅಂತ ನಿದ್ದೆ ಬರತಾ ಇಲ್ಲ."

ಅತ್ತೆ ಅವಳ ತಲೆಯನ್ನ ಅಂಗೈಯಲ್ಲಿ ಹಿಡಿದರು. "ಅದು ಅಂಟುವಾಳದ ನೀರಲ್ಲಿ ಮೋರಿಗೆ ಹೋಯ್ತು. ಬೋಡಿ ಊರಿನ ಮೋರಿ ಯಾರ ಶಾಪವನ್ನೂ ಇಟ್ಟುಕೊಳ್ಳಲ್ಲ. ಈಗ ಏನು ಹೇಳಬೇಕು ಅದನ್ನ ಬರಿ" ಅಂದು ಪೆನ್ಸಿಲ್ಲು ಕೊಟ್ಟರು.

ಹುಡುಗಿ ಕಣ್ಣೊರೆಸಿಕೊಂಡು ಟಾಪನ್ನ ಮಡಿಲ ಮೇಲೆ ಹರವಿದಳು. ಆಮೇಲೆ ಒಂದೇ ಸಾಲು ಬರೆದು ಅದರ ಮೇಲೆ ನೂಲು ಹಾಕೋಕೆ ಶುರು ಮಾಡಿದಳು. ಹೊಲಿಗೆ ಸೊಟ್ಟ. ನಾನು ಕೈ ಚಾಚಿದೆ, ಅತ್ತೆ ನನ್ನ ಕೈಗೆ ಒಂದು ಏಟು ಕೊಟ್ಟರು. ಹೊರಡೋ ಹೊತ್ತಾದಾಗ ಜೆಯಂತಿ ವಾರ್ಡನ್ ನಂಬರನ್ನ ಒಂದು ಚೀಟೀಲಿ ಬರೆದುಕೊಟ್ಟಳು. "ಮೊದಲು ಏನು ಬರೆದಿದ್ದೆ ಅಂತ ಅವಳು ಕೇಳಿದರೆ ನಿಜ ಹೇಳಿ ಅವ್ವಾ, ನನಗೆ ಇನ್ನು ಮುಚ್ಚಿಡೋಕಾಗಲ್ಲ" ಅಂದಳು.

ವಾಪಸ್ ಬರೋವಾಗ ಬಸ್ಸು ವತ್ತಲಗುಂಡು ದಾಟಿದ್ದೇ ತಡ, ಅತ್ತೆಯ ಮಾತು ಶುರುವಾಯ್ತು. "ಇದಕ್ಕೇ ಹೇಳೋದು, ಬಟ್ಟೆ ಮೊದಲು ಒಗೀಬೇಕು ಅಂತ." ನಾನು ಕಿಟಕಿ ಕಡೆ ತಿರುಗಿ ನಕ್ಕೆ. ಕಿಟಕಿ ಸೀಟು ನನಗೆ ಬಿಟ್ಟುಕೊಟ್ಟಿದ್ದರು ಅನ್ನೋದನ್ನೂ ಹೇಳಿಬಿಡ್ತೀನಿ.

ದಿಂಬು ಸಿದ್ಧವಾಯ್ತು. ಅಭಿರಾಮಿ ಬಂದು, ಕೆಂಪು ನೂಲಿನ ಸಾಲನ್ನ ಬೆರಳಿಟ್ಟು ಓದಿದಳು. ‘ರಿಸಲ್ಟ್ ಬಂದ ದಿನ ನನಗೆ ಮೊದಲು ಹೇಳು’ ಅಂತಿತ್ತು.

"ಆವತ್ತು ಬರೆದದ್ದೂ ಇದೇನಾ ಅವ್ವಾ?"

ನಾನು ಅತ್ತೆ ಮುಖ ನೋಡಿದೆ. ಹೂಂ ಅಂದುಬಿಟ್ಟರೆ ಮುಗೀತು, ಯಾರಿಗೂ ನಷ್ಟವಿಲ್ಲ. ಅವರು ಹಾಗನ್ನಲಿಲ್ಲ. "ಅಲ್ಲ. ಆವತ್ತು ನೀನು ಪಾಸಾಗಬಾರದು ಅಂತ ಬರೆದಿದ್ದಳು. ಈಗ ಇದನ್ನ ಹೊಲಿದು ಕೊಟ್ಟಿದಾಳೆ. ಎರಡೂ ಅವಳೇ. ಯಾವುದು ಬೇಕೋ ನೀನೇ ನೋಡು" ಅಂದರು. ಹುಡುಗಿ ದಿಂಬು ಎತ್ತಿಕೊಂಡು ಹೊರಟಳು. ಸುಳ್ಳು ಹೇಳಿದ್ದರೆ ಏನಾಗ್ತಿತ್ತು ಅಂತ ಆವತ್ತು ಇಡೀ ದಿನ ಅತ್ತೆ ಮೇಲೆ ರೇಗಾಡಿದೆ. ಅವರು ಬೀಜ ಬಿಡಿಸ್ತಾ ಕೂತಿದ್ದರು.

ಮೇ ತಿಂಗಳಲ್ಲಿ ರಿಸಲ್ಟ್ ಬಂತು. ಬೆಳಗ್ಗೆ ಅಂಗಡಿ ತೆಗೀತಿದ್ದ ಹಾಗೇ ಅಭಿರಾಮಿ ಬಂದು, ಫೋನು ಕೊಡಿ ಅಕ್ಕಾ, ಮನೇಲಿ ನೆಟ್ ಬರತಾ ಇಲ್ಲ ಅಂದಳು. ಕೈಯಲ್ಲಿ ಎರಡು ಹಾಲ್ ಟಿಕೆಟ್ಟು, ಒಂದು ಜೆಯಂತಿಯದು. ಅದರಲ್ಲಿ ಏನೋ ಒತ್ತಿ ನೋಡಿದಳು. ಆಮೇಲೆ ಅತ್ತೆ ಹತ್ತಿರ ವಾರ್ಡನ್ ನಂಬರಿನ ಚೀಟಿ ಇಸಕೊಂಡು ಫೋನ್ ಮಾಡಿ ಜೆಯಂತಿಯನ್ನ ಕರೀರಿ ಅಂದಳು. ಅವಳು ಬರೋ ತನಕ ಅತ್ತೆಯ ಸೆರಗು ಹಿಡಕೊಂಡು ನಿಂತಿದ್ದಳು.

"ಜೆಯಂತೀ, ನೀನು ಪಾಸು ಕಣೇ. ಒಳ್ಳೆ ಮಾರ್ಕು."

ಆ ಕಡೆಯಿಂದ ಸಣ್ಣ ದನಿ. "ನಿನ್ನದು?"

"ನಂದು ಇನ್ನೂ ನೋಡಿಲ್ಲ. ಮೊದಲು ನಿನಗೆ ಹೇಳಬೇಕು ಅಂದಿದ್ದೆಯಲ್ಲ, ನೀನು ಲೈನಲ್ಲೇ ಇರು, ಇಬ್ಬರೂ ಒಟ್ಟಿಗೆ ನೋಡೋಣ" ಅಂದಳು ಅಭಿರಾಮಿ.