ಭರಮಪ್ಪನ ಟ್ರ್ಯಾಕ್ಟರಿನ ಜಿಂಯ್

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಗೆ ಆತುಕೊಂಡಂತೆ ಸಿದ್ದರಾಮನದೊಂದು ತಗಡಿನ ಅಂಗಡಿ ಇದೆ. ಕಾರು, ಜೀಪು, ಟ್ರ್ಯಾಕ್ಟರುಗಳಿಗೆ ಟೇಪು ಕೂಡಿಸುವುದು ಅವನ ಕಸುಬು. ಕ್ಯಾಸೆಟ್ಟು ಹೋಯಿತು, ಪೆನ್ ಡ್ರೈವ್ ಬಂತು, ಈಗ ಮೊಬೈಲಿನಿಂದಲೇ ಹಾಡು ಬರುತ್ತದೆ. ಆದರೂ ನಮ್ಮ ಕಡೆ ಅದು ಟೇಪೇ. ಕಾರಿನವರು ಒಂದು ಆಂಪ್ಲಿಫೈಯರಿಗೆ ಸುಮ್ಮನಾಗುತ್ತಾರೆ. ಕಬ್ಬಿನ ಟ್ರ್ಯಾಕ್ಟರಿನವರಿಗೆ ಮೂರಾದರೂ ಬೇಕು. ಹಾಡು ತನಗೆ ಕೇಳಿದರೆ ಸಾಲದು, ಮುಂದಿನ ಊರಿಗೂ ಕೇಳಬೇಕು.

ಮೂರು ಆಂಪ್ಲಿಫೈಯರ್ ಕೂಡಿಸುವುದು ಮೂರು ಸೊಸೆಯರನ್ನು ಒಂದೇ ಒಲೆಯ ಮೇಲೆ ಅಡುಗೆಗೆ ಹಚ್ಚಿದ ಹಾಗೆ ಎಂದು ಸಿದ್ದರಾಮ ಹೇಳುತ್ತಿದ್ದ. ಬ್ಯಾಟರಿಯಿಂದ ಒಂದೇ ದಪ್ಪ ವೈರು ಬರಬೇಕು, ಅದರ ಬಾಯಲ್ಲೇ ಫ್ಯೂಸು ಇರಬೇಕು, ಅಲ್ಲಿಂದ ಮುಂದೆ ಪಾಲು ಹಂಚಬೇಕು. ಎಲ್ಲಕ್ಕಿಂತ ಮುಖ್ಯ ಅರ್ಥಿಂಗು. ಬಣ್ಣ ಕೆರೆದ ಒಂದೇ ಬೋಲ್ಟಿಗೆ ಮೂರರ ಅರ್ಥಿಂಗ್ ವೈರನ್ನೂ ಬಿಗಿಯಬೇಕು. ಒಂದನ್ನು ಬೇರೆ ಕಡೆ ಬಿಗಿದರೆ ಇಂಜಿನ್ನಿನ ಸದ್ದು ಹಾಡಿನೊಳಗೆ ನುಗ್ಗುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಜಿಂಯ್ ಎಂದು ಏರುತ್ತದೆ.

ಇಷ್ಟೆಲ್ಲ ಬಲ್ಲವನು ತಪ್ಪಿದ್ದು ಒಂದೇ ಗಾಡಿಯಲ್ಲಿ. ಅದು ಸಂಪಗಾಂವದ ಭರಮಪ್ಪನದು. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು, ಒಂದೇ ಸಾಲಿಯ ಮಾಸ್ತರರಿಂದ ಒದೆ ತಿಂದವರು. ಆ ದಿನ ಭರಮಪ್ಪ ಪಕ್ಕದಲ್ಲೇ ನಿಂತು ಹರಟೆ ಹೊಡೆಯುತ್ತಿದ್ದ, ಸೀಟಿನ ಕೆಳಗಿನ ಆಂಪ್ಲಿಫೈಯರಿಗೆ ಅರ್ಥಿಂಗ್ ವೈರು ಗಿಡ್ಡವಾಯಿತು, ಸಿದ್ದರಾಮ ಅದನ್ನು ಸೀಟಿನ ಬೋಲ್ಟಿಗೇ ಬಿಗಿದುಬಿಟ್ಟ. ಗಾಡಿ ಚಾಲೂ ಆದಾಗ ಮೇಲಿನ ತಗಡಿನ ಹಾರ್ನ್ ಸ್ಪೀಕರುಗಳಿಂದ ಹಾಡಿನ ಜೊತೆಗೆ ಜಿಂಯ್ ಎಂಬ ಕೂಗೂ ಹೊರಟಿತು. ಸಿದ್ದರಾಮ ನಾಲಿಗೆ ಕಚ್ಚಿಕೊಂಡು ಬೋಲ್ಟು ಬಿಚ್ಚಲು ಪಾನಾ ಎತ್ತಿದ.

"ಇರಲಿ ಬಿಡೋ," ಅಂದ ಭರಮಪ್ಪ. "ಎಲ್ಲಾರ ಟೇಪೂ ಒಂದ ನಮೂನಿ ಒದರತಾವು. ನಂದು ಬಂತಂದ್ರ ಮನ್ಯಾಗ ಗೊತ್ತಾಗಬೇಕು."

ಹೆತ್ತವರಿಗೆ ಹೆಗ್ಗಣ ಮುದ್ದು. ಭರಮಪ್ಪನಿಗೆ ಆ ಜಿಂಯ್ ಮುದ್ದು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಬ್ಬಿನ ಸುಗ್ಗಿಯಲ್ಲಿ ಗಾಡಿ ಯಾರದೆಂದು ನಮ್ಮ ಹೆಣ್ಣುಮಕ್ಕಳು ಕಣ್ಣಿನಿಂದ ನೋಡುವುದಿಲ್ಲ, ಟೇಪು ಕೇಳಿಯೇ ಹೇಳುತ್ತಾರೆ. ಗಾಡಿ ಊರ ಹಳ್ಳ ದಾಟುವಷ್ಟರಲ್ಲಿ ಅವನ ತಾಯಿ ಶಟ್ಟೆವ್ವ ಕಟ್ಟೆಯ ಮೇಲಿಂದ ಸೊಸೆ ಮಂಜುಳಾಳನ್ನು ಕೂಗುತ್ತಿದ್ದಳು: "ಭರಮ ಬಂದ, ರೊಟ್ಟಿ ಹಾಕವಾ!"

ಹೋದ ವರ್ಷ ಸುಗ್ಗಿ ಮುಗಿಯುವ ಮೊದಲೇ ಭರಮಪ್ಪ ಹೊಲದ ಬದುವಿನಲ್ಲಿ ಎದೆ ಹಿಡಿದು ಕುಳಿತವನು ಏಳಲಿಲ್ಲ. ನಲವತ್ತು ತುಂಬಿರಲಿಲ್ಲ. ದೇವರಿಗೆ ಕಣ್ಣಿಲ್ಲ ಎನ್ನುತ್ತಾರೆ. ಆ ದಿನವಂತೂ ಇರಲಿಲ್ಲ. ಮನೆಯಲ್ಲಿ ಗಾಡಿ ನಡೆಸುವವರು ಯಾರೂ ಉಳಿಯದೆ ಟ್ರ್ಯಾಕ್ಟರನ್ನು ಅದೇ ಊರಿನ ನೀಲಪ್ಪ ಕೊಂಡ. ನೀಲಪ್ಪ ಒಳ್ಳೆಯವನು, ಟೇಪಿಗೆ ಕೈ ಹಚ್ಚಲಿಲ್ಲ. ಆ ಒಳ್ಳೆಯತನವೇ ಮುಳುವಾಯಿತು.

ಈ ವರ್ಷ ಸುಗ್ಗಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಮಂಜುಳಾ ಬಸ್ಸಿಳಿದು ಅಂಗಡಿಗೆ ಬಂದಳು. ನೀರು ಕೊಟ್ಟರೆ ಕುಡಿಯಲಿಲ್ಲ.

"ಅಣ್ಣಾ, ಆ ಗಾಡ್ಯಾಗಿನ ಜಿಂಯ್ ಅನ್ನೂದನ್ನ ತಗದುಬಿಡ್ರಿ," ಅಂದಳು. "ಅತ್ತಿಯವರಿಗೆ ಈಗ ಯಾವ ಮಾತೂ ನೆನಪಿನ್ಯಾಗ ನಿಂದರೂದಿಲ್ಲ. ದಿನಾ ಸಂಜಿಕ ಅದನ್ನ ಕೇಳಿ ಭರಮ ಬಂದ ಅಂತ ಏಳತಾರ. ದಿನಾ ನಾ ಹೇಳಬೇಕು, ನಿಮ್ಮ ಮಗಾ ಇಲ್ರಿ, ಸತ್ತಾನ್ರಿ ಅಂತ. ಅಂವ ಇವತ್ತ ಸತ್ತಂಗ ಅಳತಾರ. ಬೆಳಗಾದ್ರ ಮರತಿರತಾರ. ನನ್ನ ಬಾಯಿಲೆ ಇನ್ನ ಆಗೂದಿಲ್ಲಣ್ಣಾ."

ಸಿದ್ದರಾಮ ಹೂಂ ಅಂದ. ಆದರೆ ಅವನ ಸಂಕಟ ಬೇರೆಯೇ ಇತ್ತು. ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಗೆ ಹೋಗುವಾಗ ಆ ಗಾಡಿ ಅಂಗಡಿಯ ಮುಂದೆಯೇ ಹಾಯುತ್ತಿತ್ತು. ಕೈಯಲ್ಲಿ ಎಂಥ ಕೆಲಸವಿದ್ದರೂ ಬಿಟ್ಟು ಅವನು ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಭರಮಪ್ಪನ ಸೀಟಿನಿಂದ ನೀಲಪ್ಪ ಕೈ ಎತ್ತಿದರೆ ಸಿಟ್ಟು ಬರುತ್ತಿತ್ತು, ಆದರೂ ಮರುದಿನ ಮತ್ತೆ ನಿಲ್ಲುತ್ತಿದ್ದ. ಗೆಳೆಯನದೆಂದು ಅವನಿಗೆ ಉಳಿದಿದ್ದು ಅದೊಂದೇ ಸದ್ದು, ಅದನ್ನು ಈಗ ತನ್ನ ಕೈಯಿಂದಲೇ ತೆಗೆಯಬೇಕು.

ನೀಲಪ್ಪ ಸಂತೋಷದಿಂದಲೇ ಗಾಡಿ ತಂದು ನಿಲ್ಲಿಸಿದ. "ಮೊದಲ ಹೇಳಬಾರದೇನೋ ಮಾರಾಯಾ? ನಾ ಟೇಪ ಕೆಟ್ಟೈತಿ ಅಂತ ತಿಳದಿದ್ನಿ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಿದ್ದರಾಮ ಬ್ಯಾಟರಿ ಬಿಚ್ಚಿದ, ಸೀಟಿನ ಕೆಳಗೆ ತಲೆ ಹಾಕಿದ, ಬೋಲ್ಟು ಸಡಿಲಿಸಿದ, ವೈರಿಗೆ ಉದ್ದನೆಯ ತುಂಡು ಸೇರಿಸಿ ಉಳಿದೆರಡರ ಜೊತೆಗೆ ಬಿಗಿದ. ಕೆಲಸ ಮುಗಿದ ಮೇಲೂ ತಲೆ ಹೊರಗೆ ತೆಗೆಯಲಿಲ್ಲ, ಅಲ್ಲೇ ಅತ್ತ. ಕಣ್ಣಾಗ ಧೂಳ ಬಿತ್ತು ಎಂದು ಆಮೇಲೆ ಹೇಳಿದ, ನೀಲಪ್ಪ ನಂಬಿದ. ಗಾಡಿ ಚಾಲೂ ಮಾಡಿ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಬರೀ ಹಾಡೇ ಬಂತು. ಈಗ ಅದು ಊರಿನ ಹತ್ತು ಟ್ರ್ಯಾಕ್ಟರುಗಳಲ್ಲಿ ಒಂದಾಯಿತು.

ಕೆಲವು ದಿನ ಬಿಟ್ಟು ಸಿದ್ದರಾಮ ಸಂಪಗಾಂವಕ್ಕೆ ಹೋದ. ಸಂಜೆಯಾಗಿತ್ತು. ಶಟ್ಟೆವ್ವ ಕಟ್ಟೆಯ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಅವನು ಕುಳಿತಿದ್ದಂತೆಯೇ ನೀಲಪ್ಪನ ಗಾಡಿ ಹಾಡುತ್ತ ಮನೆಯ ಮುಂದೆ ಹಾದುಹೋಯಿತು. ಮುದುಕಿ ಕತ್ತು ಚಾಚಿ ಆಲಿಸಿ, ಮಗನ ಗಾಡಿಯಲ್ಲವೆಂದು ಮತ್ತೆ ಗೋಡೆಗೆ ಒರಗಿದಳು.

ಚಹಾ ತಂದ ಮಂಜುಳಾ ಸಣ್ಣ ದನಿಯಲ್ಲಿ ಹೇಳಿದಳು: "ಈಗ ಅಳೂದಿಲ್ರಿ. ಆದ್ರ ಉಣ್ಣೂದೂ ಇಲ್ಲ. ಭರಮ ಬರಲಿ ಅಂತ ಕುಂತಬಿಡತಾರ. ಮೊದಲ ಒಂದ ಗಳಿಗಿಯಾದ್ರೂ ಮಗಾ ಬರತಿದ್ದ."

"ತಿರಗಿ ಮೊದಲಿನಂಗ ಮಾಡಲೇನ ತಂಗಿ?"

ಅವಳು ಅತ್ತೆಯ ಕಡೆ ನೋಡಿದಳು. "ಬ್ಯಾಡ್ರಿ. ದಿನಾ ಸಾಯೂದನ್ನ ತಿರಗಿ ನೋಡಾಕ ಆಗೂದಿಲ್ಲ," ಎಂದು ಒಳಗೆ ಹೋದಳು.

ಶಟ್ಟೆವ್ವ ಕೈಯಿಂದ ತಡವಿ ಸಿದ್ದರಾಮನ ತೋಳು ಹಿಡಿದಳು.

"ಸಿದ್ದಾ, ನೀ ದನಿ ರಿಪೇರಿ ಮಾಡಾಂವ ಹೌದಲ್ಲೋ? ನನ್ನ ಕಿವಿ ಒಂಚೂರ ನೋಡೋ ಮಗನ. ಎಲ್ಲಾರ ಗಾಡೀನೂ ಕೇಳತಾವು. ಭರಮಂದ ಒಂದ ಕೇಳವಲ್ಲದು."

ಸಿದ್ದರಾಮ ಕಟ್ಟೆಯಿಂದಿಳಿದು ಅವಳ ಮುಂದೆ ಮೊಣಕಾಲೂರಿದ. ಮುದುಕಿ ಸೆರಗು ಸರಿಸಿ, ಅವನಿಗೆ ಸರಿಯಾಗಿ ಕಾಣಲೆಂದು ಕಿವಿಯನ್ನು ಬೆಳಕಿನ ಕಡೆ ತಿರುಗಿಸಿದಳು.